ಕಲ್ಲಿಗೆ ಹೊಳಪು ಕೊಡೋಕೆ ಯಾವುದು ಸರಿ: ವೈಬ್ರೇಟರಿ, ರೋಟರಿ, ಇಲ್ಲಾ ಬರೀ ಕೈ?

ಹೊಲದ ಬದುವಿನಲ್ಲೋ ರಸ್ತೆ ಪಕ್ಕದಲ್ಲೋ ಸಿಕ್ಕಿದ ಚೂಪು ಮೂಲೆಯ ಬೆಣಚುಕಲ್ಲಿಗೆ ಹೊಳಪು ಬರಿಸಬೇಕು ಅಂತಿದ್ದರೆ ಮೊದಲು ರೋಟರಿ ಟಂಬ್ಲರ್, ಅಂದರೆ ಕಲ್ಲನ್ನು ಡ್ರಮ್ಮಿನಲ್ಲಿ ಉರುಳಿಸಿ ಉಜ್ಜುವ ಮಿಷಿನ್ ತಗೊಳ್ಳಿ. ಈಗಾಗಲೇ ದುಂಡಗಾದ ಕಲ್ಲು ಅಥವಾ ಕತ್ತರಿಸಿ ತಂದ ಬಿಲ್ಲೆಗಳಿದ್ದರೆ ವೈಬ್ರೇಟರಿ, ಅಂದರೆ ಅದುರಿಸಿ ಉಜ್ಜುವ ಮಿಷಿನ್ ತಗೊಳ್ಳಿ. ಒಂದೋ ಎರಡೋ ಕಲ್ಲಿಗೆ ಯಾವ ಮಿಷಿನ್ನೂ ಬೇಡ, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಸಾಕು. ಆತುರ ಇರುವವರಿಗೆ ಇಷ್ಟು ತಿಳಿದರೆ ಸಾಕು. ಉಳಿದವರು ದುಡ್ಡು ಹಾಕುವ ಮೊದಲು ಪೂರ್ತಿ ಓದಿ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಲ್ಲು, ಕರೆಂಟು, ನೀರು ಮೂರೂ ಈ ಆಯ್ಕೆಯನ್ನು ಬದಲಾಯಿಸುತ್ತವೆ, ಮತ್ತೆ ಇದನ್ನು ಮಿಷಿನ್ ಮಾರುವವರು ಯಾರೂ ಹೇಳುವುದಿಲ್ಲ.

ವೈಬ್ರೇಟರಿ ಮೇಲೆ ಎಲ್ಲರಿಗೂ ಆಸೆ ಹುಟ್ಟುವುದು ಒಂದೇ ಕಾರಣಕ್ಕೆ. ರೋಟರಿಯಲ್ಲಿ ಒಂದು ತಿಂಗಳು ಹಿಡಿಯುವ ಕೆಲಸ ಇದರಲ್ಲಿ ಒಂದು ವಾರದಲ್ಲಿ ಮುಗಿಯುತ್ತದೆ ಅಂತ ಕೇಳಿರುತ್ತಾರೆ. ಮಾತು ಸುಳ್ಳಲ್ಲ. ಆದರೆ ಎರಡೂ ಮಿಷಿನ್ ಮಾಡುವ ಕೆಲಸ ಒಂದೇ ಅಲ್ಲ.

ರೋಟರಿ ಅಂದರೆ ಮಲಗಿಸಿದ ರಬ್ಬರ್ ಡ್ರಮ್. ಎರಡು ರೋಲರ್ ಮೇಲೆ ನಿಧಾನವಾಗಿ ಉರುಳುತ್ತಾ ಇರುತ್ತದೆ. ಒಳಗಿನ ಕಲ್ಲುಗಳು ಡ್ರಮ್ಮಿನ ಗೋಡೆಗುಂಟ ಮೇಲಕ್ಕೆ ಹೋಗಿ, ಒಂದರ ಮೇಲೊಂದು ಜಾರಿ ಇಳಿಯುತ್ತವೆ. ನಡುವೆ ಸಿಕ್ಕಿದ ಕಾರ್ಬೊರಂಡಮ್ ಪುಡಿ, ಅಂದರೆ ಸಿಲಿಕಾನ್ ಕಾರ್ಬೈಡ್, ಮೂಲೆಗಳನ್ನು ತಿನ್ನುತ್ತಾ ಹೋಗುತ್ತದೆ. ನಂಬರ್ ಜಾಸ್ತಿಯಾದಷ್ಟೂ ಪುಡಿ ನುಣುಪು. ಮೊದಲು 60/90 ನಂಬರಿನ ದಪ್ಪ ಪುಡಿ, ಆಮೇಲೆ 120/220, ಆಮೇಲೆ 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಪಾಲಿಶ್. ಅರ್ಧ ಕಿಲೋ ಕಲ್ಲಿಗೆ ಸುಮಾರು ಒಂದು ಟೇಬಲ್ ಚಮಚ ಪುಡಿ. ಡ್ರಮ್ ಮೂರರಲ್ಲಿ ಎರಡು ಭಾಗ ತುಂಬಿರಬೇಕು, ನೀರು ಮೇಲಿನ ಕಲ್ಲುಗಳಿಗಿಂತ ಸ್ವಲ್ಪ ಕೆಳಗಿರಬೇಕು. ಹಂತಕ್ಕೆ ಒಂದು ವಾರ ಅನ್ನುವುದು ವಾಡಿಕೆ. ದಪ್ಪ ಪುಡಿಯ ಹಂತ ಮಾತ್ರ ಕಲ್ಲು ನೀವು ಹೇಳಿದ ಮಾತು ಕೇಳುವವರೆಗೆ ಎರಡು ಮೂರು ವಾರ ನಡೆದರೂ ನಡೆಯಿತು.

ವೈಬ್ರೇಟರಿಯಲ್ಲಿ ಡ್ರಮ್ ಉರುಳುವುದಿಲ್ಲ. ಸ್ಪ್ರಿಂಗ್ ಮೇಲೆ ಒಂದು ಬೌಲ್ ಕೂತಿರುತ್ತದೆ. ಮೋಟಾರ್ ಶಾಫ್ಟಿಗೆ ಒಂದು ಪಕ್ಕಕ್ಕೆ ಭಾರ ಕಟ್ಟಿರುತ್ತಾರೆ, ಅದು ತಿರುಗಿದಾಗ ಬೌಲ್ ನಿಮಿಷಕ್ಕೆ ಹತ್ತಿರ ಹತ್ತಿರ 3000 ಸಲ ಅದುರುತ್ತದೆ. ಕಲ್ಲುಗಳು ಬೀಳುವುದಿಲ್ಲ, ಒಂದಕ್ಕೊಂದು ಒರಗಿಕೊಂಡು ಸಣ್ಣ ಸಣ್ಣದಾಗಿ ಉಜ್ಜಿಕೊಳ್ಳುತ್ತವೆ. ಹಾಗಾಗಿ ಮೇಲ್ಮೈ ಬೇಗ ನುಣುಪಾಗುತ್ತದೆ, ಆಕಾರ ಇದ್ದ ಹಾಗೇ ಇರುತ್ತದೆ. ಮೂಲೆ ಇರುವ ಕಲ್ಲು ಹಾಕಿದರೆ ಮೂಲೆ ಇರುವ ಹೊಳೆಯುವ ಕಲ್ಲು ಹೊರಗೆ ಬರುತ್ತದೆ. ಹಳ್ಳ ಇದ್ದರೆ ಹಳ್ಳವೂ ಅಲ್ಲೇ ಇರುತ್ತದೆ. ದಪ್ಪ ಪುಡಿ ಹಾಕಿ ಇದರಲ್ಲೇ ಮೂಲೆ ಸವೆಸುತ್ತೇನೆ ಅಂತ ಹೊರಟರೆ ಆಕಾರ ಅಷ್ಟೇನೂ ಬದಲಾಗುವುದಿಲ್ಲ, ಬೌಲಿನ ಆಯಸ್ಸು ಮಾತ್ರ ಕಮ್ಮಿಯಾಗುತ್ತದೆ.

ಒಂದು ತಿಂಗಳು ಮತ್ತು ಒಂದು ವಾರದ ಲೆಕ್ಕ ಇಲ್ಲೇ ಇರುವುದು. ರೋಟರಿಯ ಸಮಯದಲ್ಲಿ ದೊಡ್ಡ ಪಾಲು ಹೋಗುವುದು ಆಕಾರ ಕೊಡುವುದಕ್ಕೆ. ವೈಬ್ರೇಟರಿ ಆ ಕೆಲಸವನ್ನೇ ಮಾಡುವುದಿಲ್ಲ, ಅದಕ್ಕೇ ಬೇಗ ಮುಗಿಯುತ್ತದೆ. ಜೊತೆಗೆ ಉಳಿದ ಹಂತಗಳನ್ನೂ ಅದು ನಿಜವಾಗಿ ಬೇಗ ಮಾಡುತ್ತದೆ, ಹಂತಕ್ಕೆ ಒಂದರಿಂದ ಮೂರು ದಿನ ಸಾಕು. ಕಲ್ಲು ಕರಗುವುದೂ ಕಮ್ಮಿ. ರೋಟರಿಯಲ್ಲಿ ಒರಟು ಕಲ್ಲು ಹಾಕಿದರೆ ತೂಕದಲ್ಲಿ ಕಾಲು ಭಾಗ ಕೆಸರಾಗಿ ಹೋದರೂ ಆಶ್ಚರ್ಯ ಇಲ್ಲ.

ನಮ್ಮ ಕಲ್ಲು ಯಾವುದಕ್ಕೆ ಒಗ್ಗುತ್ತದೆ

ನಮ್ಮ ಮೂರೂ ಜಿಲ್ಲೆಯಲ್ಲಿ ಕೈಗೆ ಸಿಗುವುದರಲ್ಲಿ ಒಳ್ಳೆಯದು ಬಿಳಿ ಬೆಣಚುಕಲ್ಲು. ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ ಅಳತೆಯಲ್ಲಿ ಅದರ ಗಟ್ಟಿತನ 7, ಪೂರ್ತಿ ಒಂದೇ ಖನಿಜ, ಒಳ್ಳೆ ಹೊಳಪು ಬರುತ್ತದೆ. ತೊಂದರೆ ಏನೆಂದರೆ ಬಂಡೆಯ ಸೀಳಿನಿಂದ ಒಡೆದು ಬಂದದ್ದು, ಮೈತುಂಬಾ ಬಿರುಕು. ಮಿಷಿನ್ನಿಗೆ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಕಲ್ಲನ್ನು ನೀರಿನಲ್ಲಿ ಮುಳುಗಿಸಿ ತೆಗೆದು ಬಟ್ಟೆಯಿಂದ ಒರೆಸಿ ಬಿಸಿಲಿಗೆ ಹಿಡಿಯಿರಿ. ಮೇಲ್ಮೈ ಅರೆ ನಿಮಿಷದಲ್ಲಿ ಬೆಳ್ಳಗೆ ಒಣಗುತ್ತದೆ, ಬಿರುಕು ಇರುವ ಕಡೆ ಮಾತ್ರ ಕೂದಲೆಳೆಯಷ್ಟು ಕಪ್ಪು ಗೆರೆ ಇನ್ನೂ ಹಸಿಯಾಗಿ ಉಳಿದಿರುತ್ತದೆ. ಉಗುರು ಆಡಿಸಿ ನೋಡಿ. ಉಗುರಿಗೆ ಸಿಕ್ಕಿದರೆ ಆ ಕಲ್ಲು ಬೇಡ. ಬಿರುಕಿನಲ್ಲಿ ದಪ್ಪ ಪುಡಿಯ ಕಾಳು ಅಡಗಿ ಕೂತು ಪಾಲಿಶ್ ಹಂತದಲ್ಲಿ ಹೊರಗೆ ಬರುತ್ತದೆ, ಇಡೀ ಬೌಲಿನ ಕಲ್ಲಿಗೆ ಗೀರು ಹಾಕುತ್ತದೆ. ಬಿರುಕಿಲ್ಲದ ತುಂಡುಗಳನ್ನು ಆರಿಸಿಕೊಂಡರೆ ಬೆಣಚುಕಲ್ಲಿಗೆ ರೋಟರಿಯೇ ಸರಿ. ಅದಕ್ಕೆ ಮೊದಲು ಬೇಕಾಗಿರುವುದು ಆಕಾರ, ಆಮೇಲೆ ಹೊಳಪು.

ಗ್ರಾನೈಟ್ ವಿಷಯಕ್ಕೆ ಬರೋಣ. ಪಾವಗಡ, ಮಧುಗಿರಿ ಕಡೆಯ ಗುಲಾಬಿ ಮಿಶ್ರಿತ ಬೂದು ಕಲ್ಲು ನೋಡಿರುತ್ತೀರಿ, ದೊಡ್ಡ ದೊಡ್ಡ ಗುಲಾಬಿ ಹರಳು ಇರುವುದು. ರಾಮನಗರದ ಹಳೇ ಹೆಸರಿನಿಂದ ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಅಂತ ಕರೆಯುತ್ತಾರೆ, ಸುಮಾರು 250 ಕೋಟಿ ವರ್ಷ ಹಳೆಯದು. ನೋಡೋಕೆ ತುಂಬಾ ಚೆಂದ. ಆದರೆ ಟಂಬ್ಲರಿನಲ್ಲಿ, ಅದು ಯಾವ ಥರದ್ದೇ ಆಗಲಿ, ಗ್ರಾನೈಟ್ ಕಾಟ ಕೊಡುತ್ತದೆ. ಅದರಲ್ಲಿ 7ರ ಗಟ್ಟಿತನದ ಬೆಣಚು ಇದೆ, 6ರ ಫೆಲ್ಡ್‌ಸ್ಪಾರ್ ಇದೆ, 3ನ್ನೂ ಮುಟ್ಟದ ಕಾಗೆಬಂಗಾರ ಇದೆ. ಮೆತ್ತಗಿನದು ಮೊದಲು ಎದ್ದು ಹೋಗುತ್ತದೆ, ಅಲ್ಲೆಲ್ಲಾ ಸಣ್ಣ ಗುಳಿ ಬೀಳುತ್ತದೆ. ಅಡುಗೆಮನೆ ಕಟ್ಟೆಯ ಗ್ರಾನೈಟ್ ಹೊಳೆಯುತ್ತದಲ್ಲ ಅಂತ ಕೇಳಬಹುದು. ಅಲ್ಲಿ ಚಪ್ಪಟೆ ಡೈಮಂಡ್ ಪ್ಯಾಡ್ ಒಂದೇ ಮಟ್ಟದಲ್ಲಿ ಒತ್ತಿಕೊಂಡು ಓಡುತ್ತದೆ, ಗುಳಿ ಬೀಳುವುದಕ್ಕೆ ಅವಕಾಶ ಕಮ್ಮಿ. ಕಲ್ಲಿನ ಜೊತೆ ಕಲ್ಲು ಉಜ್ಜುವ ಮಿಷಿನ್ನಿನಲ್ಲಿ ಆ ಅನುಕೂಲ ಇಲ್ಲ. ಗ್ರಾನೈಟ್ ಮೇಲೆ ಮನಸ್ಸಿದ್ದರೆ ಕಾಗೆಬಂಗಾರ ಕಮ್ಮಿ ಇರುವ, ಹರಳು ಸಣ್ಣಗಿರುವ ತುಂಡನ್ನೇ ಹುಡುಕಿ.

ಚಿಕ್ಕನಾಯಕನಹಳ್ಳಿ ಕಡೆ ಕೆಂಪು, ಕಪ್ಪು ಪಟ್ಟೆ ಇರುವ ಕಬ್ಬಿಣದ ಕಲ್ಲು ಸಿಗುತ್ತದೆ. ಅದು ಭಾರ, ಉಳಿದ ಕಲ್ಲುಗಳ ಜೊತೆ ರೋಟರಿಗೆ ಹಾಕಿದರೆ ಅವನ್ನು ಒಡೆದು ಹಾಕುತ್ತದೆ. ಬಿಲ್ಲೆಯಾಗಿ ಕೊಯ್ಸಿ ವೈಬ್ರೇಟರಿಗೆ ಹಾಕಿ, ಪಟ್ಟೆಗಳು ಎದ್ದು ಕಾಣುತ್ತವೆ. ಕೆಸರು ಮಾತ್ರ ಕೆಂಪಗೆ ಬರುತ್ತದೆ, ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ.

ಕೆಜಿಎಫ್ ಕಡೆಯವರಿಗೆ ಒಂದು ಮಾತು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬಗಳು, ಅಂದರೆ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳು ಅಲ್ಲೇ ಇವೆ. ಆ ದಿಬ್ಬದ ಮೇಲಿಂದಾಗಲಿ ಪಕ್ಕದಿಂದಾಗಲಿ ಕಲ್ಲು ಆರಿಸಿ ಮನೆಗೆ ತರಬೇಡಿ. ಚಿನ್ನದ ಚುಕ್ಕೆ ಸಿಗಬಹುದು ಅಂತ ಮಕ್ಕಳಿಗೆ ಆಸೆ ಇರುತ್ತದೆ, ದಯವಿಟ್ಟು ತಡೆಯಿರಿ. ಹಾಗೇ ಅರಣ್ಯದ ಜಾಗದಿಂದ, ಹೊಳೆ ಪಾತ್ರದಿಂದಲೂ ತರುವುದು ಬೇಡ. ಹೊಲದವರನ್ನು ಒಂದು ಮಾತು ಕೇಳಿದರೆ ಸಾಕು, ಉಳುಮೆಗೆ ಅಡ್ಡ ಬರುವ ಕಲ್ಲನ್ನು ಅವರೇ ಬದುವಿಗೆ ರಾಶಿ ಹಾಕಿರುತ್ತಾರೆ, ತಗೊಂಡು ಹೋಗಿ ಅಂತಾರೆ.

ಮೊದಲ ಸಲ ಮಾಡುವವರು ಗುಜರಾತಿನ ಖಂಭಾತ್ ಕಡೆಯ ಅಗೇಟ್ (ಬೆಣಚಿನ ಜಾತಿಯದೇ ಕಲ್ಲು) ಒಂದೆರಡು ಕಿಲೋ ತರಿಸಿಕೊಂಡು ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಎಲ್ಲಾ ಕಲ್ಲೂ ಒಂದೇ ಗಟ್ಟಿತನ ಇರುವುದರಿಂದ ಫಲಿತಾಂಶ ಚೆನ್ನಾಗಿ ಬರುತ್ತದೆ, ಮಿಷಿನ್ ಸರಿ ಇದೆಯೋ ಇಲ್ಲವೋ ಅನ್ನುವುದೂ ಗೊತ್ತಾಗುತ್ತದೆ.

ವೈಬ್ರೇಟರಿಗೆ ಕಣ್ಣು ಬೇಕು

ರೋಟರಿಯ ದೊಡ್ಡ ಗುಣ ಅಂದರೆ ಹಚ್ಚಿ ಮರೆತುಬಿಡಬಹುದು. ಮೊದಲ ಒಂದೆರಡು ದಿನ ಮುಚ್ಚಳ ತೆಗೆದು ಗಾಳಿ ಬಿಡಬೇಕು, ಕೆಲವು ಕಲ್ಲು ಒಳಗೆ ಗ್ಯಾಸ್ ಮಾಡಿ ಡ್ರಮ್ ಉಬ್ಬಿಸುತ್ತವೆ. ಅದು ಬಿಟ್ಟರೆ ವಾರಕ್ಕೊಮ್ಮೆ ತೊಳೆದು ಪುಡಿ ಬದಲಾಯಿಸುವ ಕೆಲಸ ಅಷ್ಟೇ. ಕೆಲಸಕ್ಕೆ ಹೋಗಿ ಬರುವವರಿಗೆ ಹೇಳಿ ಮಾಡಿಸಿದ್ದು.

ವೈಬ್ರೇಟರಿ ಹಾಗಲ್ಲ. ಅದರಲ್ಲಿ ಎಲ್ಲಾ ನಿಂತಿರುವುದು ನೀರಿನ ಮೇಲೆ. ಒಂದೂವರೆ ಎರಡು ಕಿಲೋ ಹಿಡಿಯುವ ಬೌಲಿಗೆ ಒಂದು ಟೇಬಲ್ ಚಮಚದಷ್ಟು ಪುಡಿ, ಕಲ್ಲು ಒದ್ದೆಯಾಗುವಷ್ಟೇ ನೀರು. ತಳದಲ್ಲಿ ನೀರು ನಿಂತರೆ ಪುಡಿ ಕೆಳಗೆ ಹೋಗಿ ಕೂರುತ್ತದೆ, ಕಲ್ಲು ಸುಮ್ನೆ ಅದುರುತ್ತಾ ಇರುತ್ತದೆ, ಕೆಲಸ ಏನೂ ಆಗುವುದಿಲ್ಲ. ನೀರು ಕಮ್ಮಿಯಾದರೆ ಕೆಸರು ಗಟ್ಟಿಯಾಗಿ ಕಲ್ಲುಗಳ ಓಡಾಟವೇ ನಿಲ್ಲುತ್ತದೆ. ಸರಿಯಾದ ಹದ ಬಂದಾಗ ಮುಚ್ಚಳ ತೆಗೆದು ನೋಡಿ: ದೋಸೆ ಹಿಟ್ಟು ಸೌಟಿಗೆ ಹತ್ತಿದ ಹಾಗೆ ಪ್ರತಿ ಕಲ್ಲಿಗೂ ಬೂದು ಕೆಸರು ತೆಳುವಾಗಿ ಹತ್ತಿರುತ್ತದೆ, ಕಲ್ಲುಗಳು ಹೊರಗಿನ ಗೋಡೆಗುಂಟ ಒಂದು ಕಡೆ ಇಳಿದು ಇನ್ನೊಂದು ಕಡೆ ಮೇಲೆ ಬರುತ್ತಾ, ಇಡೀ ರಾಶಿ ನಿಧಾನವಾಗಿ ಸುತ್ತುತ್ತಿರುತ್ತದೆ. ಒಂದು ಬಣ್ಣದ ಕಲ್ಲನ್ನು ಗುರುತಿಟ್ಟುಕೊಂಡರೆ ಅದು ಮುಳುಗಿ ಮತ್ತೆ ಮೇಲೆ ಬರುವುದು ಕಾಣಿಸುತ್ತದೆ. ಸದ್ದೂ ಗೊತ್ತಾಗುತ್ತದೆ. ಹದ ಇದ್ದಾಗ ಒಂದೇ ಸಮನೆ ಮಂದವಾಗಿ ಗುಂಯ್ ಅನ್ನುತ್ತದೆ, ಒಣಗಿದಾಗ ಅದು ಉಡುಗುತ್ತದೆ, ನೀರು ಜಾಸ್ತಿಯಾದಾಗ ಕಲ್ಲುಗಳು ಕಟಕಟ ಅನ್ನುತ್ತವೆ.

ಈ ಹದವನ್ನು ಕಾಯಬೇಕು. ಮೊದಲ ದಿನ ಎರಡು ಮೂರು ಗಂಟೆಗೊಮ್ಮೆ ನೋಡಿ, ಬೇಕಾದರೆ ಸ್ಪ್ರೇ ಬಾಟಲಿಯಿಂದ ಎರಡು ಸಲ ನೀರು ಹೊಡೆಯಿರಿ. ಮಾರ್ಚ್‌ನಿಂದ ಮೇವರೆಗೆ ನಮ್ಮ ಕಡೆ ಗಾಳಿ ಎಷ್ಟು ಒಣ ಅಂತ ಗೊತ್ತಲ್ಲ, ಆಗ ಇನ್ನೂ ಬೇಗ ಬೇಗ ನೋಡಬೇಕಾಗುತ್ತದೆ. ಮನೆಯಲ್ಲಿ ಹಗಲು ಯಾರೂ ಇರುವುದಿಲ್ಲ ಅನ್ನುವವರು ವೈಬ್ರೇಟರಿ ತಗೊಳ್ಳುವ ಮೊದಲು ಇದೊಂದನ್ನು ಯೋಚಿಸಿ.

ಇನ್ನೊಂದು, ಬೌಲ್ ಅರ್ಧ ತುಂಬಿದರೆ ಅದು ಕೆಲಸ ಮಾಡುವುದಿಲ್ಲ. ಮುಕ್ಕಾಲಿಗಿಂತ ಜಾಸ್ತಿ ತುಂಬಿರಲೇಬೇಕು. ನಿಮ್ಮ ಹತ್ತಿರ ಅಷ್ಟು ಕಲ್ಲು ಇಲ್ಲದಿದ್ದರೆ ಸೆರಾಮಿಕ್ ಮೀಡಿಯಾ, ಅಂದರೆ ಪಿಂಗಾಣಿಯ ಸಣ್ಣ ತುಂಡುಗಳನ್ನು ಹಾಕಿ ಭರ್ತಿ ಮಾಡಬೇಕು. ಹೇಗಿದ್ದರೂ ಸಣ್ಣ ಸೆರಾಮಿಕ್ ತುಂಡುಗಳು ಬೇಕು, ಅವು ದೊಡ್ಡ ಕಲ್ಲುಗಳ ಸಂದಿಗೆ ಪುಡಿಯನ್ನು ಒಯ್ಯುತ್ತವೆ, ಒಂದಕ್ಕೊಂದು ಬಡಿಯದ ಹಾಗೆ ತಡೆಯುತ್ತವೆ.

ಕರೆಂಟು, ನೀರು, ಸದ್ದು

ಕರೆಂಟ್ ಹೋದರೆ ರೋಟರಿಗೆ ಏನೂ ಆಗುವುದಿಲ್ಲ. ಕಲ್ಲು ನೀರಿನಲ್ಲೇ ಇರುತ್ತದೆ, ಕರೆಂಟ್ ಬಂದಾಗ ಮತ್ತೆ ಉರುಳುತ್ತದೆ. ವೈಬ್ರೇಟರಿಯಲ್ಲಿ ನೀರು ಕಮ್ಮಿ ಇರುವುದರಿಂದ ನಾಲ್ಕೈದು ಗಂಟೆ ನಿಂತರೆ ಕೆಸರು ಸಿಮೆಂಟಿನ ಥರ ಕಚ್ಚಿಕೊಳ್ಳುತ್ತದೆ. ಕರೆಂಟ್ ಬಂದ ತಕ್ಷಣ ತಾನೇ ಶುರುವಾಗುವ ಹಾಗೆ ಬಿಡಬೇಡಿ. ಸ್ವಿಚ್ ಆಫ್ ಮಾಡಿ, ನೀರು ಚಿಮುಕಿಸಿ, ಕೈಯಿಂದ ಕಲ್ಲುಗಳನ್ನು ಒಮ್ಮೆ ಕೆದಕಿ, ಆಮೇಲೆ ಹಚ್ಚಿ. ಹಳ್ಳಿಯಲ್ಲಿ ಇರುವವರಿಗೆ, ಮಳೆ ಗಾಳಿಗೆ ಲೈನ್ ಹೋಗುವ ಕಡೆ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಅಲ್ಲೆಲ್ಲಾ ನಾನು ರೋಟರಿ ಅಂತಲೇ ಹೇಳುತ್ತೇನೆ.

ಬಿಲ್ ಎಷ್ಟು ಬರುತ್ತದೆ ಅಂತ ನೋಡಲು ಮೋಟಾರ್ ಮೇಲೆ ಬರೆದ ವ್ಯಾಟ್ ನೋಡಿ. 40 ವ್ಯಾಟ್ ಇದ್ದರೆ ದಿನಪೂರ್ತಿ ಓಡಿದಾಗ ಸುಮಾರು ಒಂದು ಯೂನಿಟ್, ತಿಂಗಳಿಗೆ 29. 80 ವ್ಯಾಟಿನ ವೈಬ್ರೇಟರಿ ಎಂಟು ದಿನ ಓಡಿದರೆ 15 ಯೂನಿಟ್. ದೊಡ್ಡ ಖರ್ಚಲ್ಲ. ಆದರೆ ಗೃಹಜ್ಯೋತಿಯಲ್ಲಿ ಇರುವವರು ನೆನಪಿಡಿ, ಅಲ್ಲಿ ನಿಮ್ಮ ಹಳೇ ಸರಾಸರಿ ಬಳಕೆಯ ಮೇಲೆ ಮಿತಿ ಇದೆ. ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ.

ನೀರಿನ ವಿಷಯ ಕೊನೆಯ ಹಂತದಲ್ಲಿ ಬರುತ್ತದೆ. ಪಾಲಿಶ್ ಆದ ಮೇಲೆ ಸ್ವಲ್ಪ ಸೋಪಿನ ಪುಡಿ ಹಾಕಿ ಒಂದು ಸುತ್ತು ಓಡಿಸುತ್ತಾರೆ, ಉಳಿದ ಮಬ್ಬು ತೆಗೆಯಲು. ನಮ್ಮ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಕಟ್ಟುವ ಬದಲು ಬಿಳಿ ಜಿಡ್ಡಾಗಿ ಕಲ್ಲಿನ ಮೇಲೆ ಕೂರುತ್ತದೆ, ಪಾಲಿಶ್ ಸರಿಯಾಗಿಲ್ಲ ಅಂತ ಅನಿಸುತ್ತದೆ. ಈ ಒಂದು ಹಂತಕ್ಕೆ ಮಳೆನೀರು ಬಳಸಿ, ಇಲ್ಲವೇ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು. ಮೊದಲ ಹಂತದ ಕೆಸರು ತೊಳೆಯೋಕೆ ಆರ್‌ಒ ಮಿಷಿನ್ನಿನಿಂದ ಹೊರಗೆ ಹೋಗುವ ನೀರೇ ಸಾಕು, ಒಳ್ಳೆ ನೀರು ದಂಡ ಮಾಡಬೇಡಿ.

ರಬ್ಬರ್ ಡ್ರಮ್ ಆದರೆ ರೋಟರಿಯ ಸದ್ದು ಪಕ್ಕದ ಕೋಣೆಗೆ ಕೇಳುವುದಿಲ್ಲ. ಆಟಿಕೆ ಥರ ಬರುವ ಪ್ಲಾಸ್ಟಿಕ್ ಡ್ರಮ್ ಮಾತ್ರ ರಾತ್ರಿ ನಿದ್ದೆ ಮಾಡಿಸುವುದಿಲ್ಲ. ವೈಬ್ರೇಟರಿಯ ಸದ್ದಿಗಿಂತ ಅದರ ಅದುರು ತೊಂದರೆ. ಮಹಡಿ ಮೇಲೆ ಇಟ್ಟರೆ ಕೆಳಗಿನ ಮನೆಯವರಿಗೆ ಗೊತ್ತಾಗುತ್ತದೆ. ನೆಲಮಹಡಿಯಲ್ಲಿ, ಮರಳು ತುಂಬಿದ ಗೋಣಿಚೀಲದ ಮೇಲೆ ಒಂದು ಹಲಗೆ ಹಾಕಿ ಅದರ ಮೇಲೆ ಇಡಿ.

ಕೈಯಲ್ಲಿ ಮಾಡುವುದು

ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ನನಗೆ ಬೇಜಾರಾಗುವುದು ಇದಕ್ಕೇ. ಒಂದು ಕಲ್ಲಿನ ಒಂದೇ ಮುಖ ಹೊಳೆಯಬೇಕು ಅಂದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಹಾಕುತ್ತಾ 120, 220, 400, 600, 1000, 2000 ಅಂತ ಉಜ್ಜುತ್ತಾ ಹೋಗಬೇಕು. ಹಿಂದಿನ ನಂಬರಿನ ಗೀರು ಪೂರ್ತಿ ಹೋಗದೆ ಮುಂದಿನದಕ್ಕೆ ಹೋಗಬಾರದು. ಒಂದು ನಂಬರಿನಲ್ಲಿ ಅಡ್ಡ ಉಜ್ಜಿ, ಮುಂದಿನದರಲ್ಲಿ ಉದ್ದ ಉಜ್ಜಿ, ಆಗ ಹಳೇ ಗೀರು ಉಳಿದಿದ್ದರೆ ತಕ್ಷಣ ಕಾಣುತ್ತದೆ. ಕೊನೆಗೆ ಗಾಜಿನ ಗೀರು ತೆಗೆಯಲು ಬಳಸುವ ಸೀರಿಯಂ ಆಕ್ಸೈಡ್ ಪುಡಿಯನ್ನು ಒದ್ದೆ ಫೆಲ್ಟ್ (ಒತ್ತಿ ಮಾಡಿದ ಉಣ್ಣೆ ಬಟ್ಟೆ) ಮೇಲೆ ಹಾಕಿ ಉಜ್ಜಿ.

ಬೆಣಚುಕಲ್ಲಿಗೆ ಇದು ಕಷ್ಟ, ತೋಳು ಸೋಲುತ್ತದೆ. ಗ್ರಾನೈಟ್ ಕೆಲಸದವರು ಬಳಸುವ ಡೈಮಂಡ್ ಪ್ಯಾಡ್ ಕೈಯಲ್ಲಿ ಹಿಡಿದು ಉಜ್ಜಿದರೆ ಆದೀತು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ ಶಿಲ್ಪಿಗಳು ಕರಿಕಲ್ಲಿನ ಮೂರ್ತಿಯನ್ನು ನುಣುಪು ಮಾಡುವುದನ್ನು ಒಮ್ಮೆ ನಿಂತು ನೋಡಿ. ಒಂದೊಂದು ಹಂತಕ್ಕೂ ಎಷ್ಟು ತಾಳ್ಮೆ ಬೇಕು ಅಂತ ನೋಡಿದರೆ ಟಂಬ್ಲರ್ ಕೆಲಸವೂ ಅರ್ಧ ಕಲಿತ ಹಾಗೆ.

ಒಣದಾಗಿ ಮಾತ್ರ ಯಾವತ್ತೂ ಉಜ್ಜಬೇಡಿ, ಗ್ರೈಂಡರ್ ಹಿಡಿಯಬೇಡಿ. ಈ ಕಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ.

ತಗೊಳ್ಳುವಾಗ

ಅಮೆರಿಕದಲ್ಲಿರುವ ನೆಂಟರ ಕೈಲಿ ವೈಬ್ರೇಟರಿ ತರಿಸೋಣ ಅನ್ನುವವರು ಬಹಳ ಜನ. ಅಲ್ಲಿನದು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಅಲ್ಲಿ ನಿಮಿಷಕ್ಕೆ 3600ರ ಹತ್ತಿರ ತಿರುಗುತ್ತಿದ್ದ ಇಂಡಕ್ಷನ್ ಮೋಟಾರ್ ಇಲ್ಲಿ 3000ದ ಕೆಳಗೆ ಇಳಿಯುತ್ತದೆ, ಮೇಲಾಗಿ ಜಾಸ್ತಿ ಬಿಸಿಯಾಗುತ್ತದೆ. ರೋಟರಿಗೆ ಸ್ವಲ್ಪ ನಿಧಾನವಾದರೆ ನಡೆದೀತು. ವೈಬ್ರೇಟರಿಯ ಸ್ಪ್ರಿಂಗು, ಭಾರ ಎಲ್ಲಾ ಆ ವೇಗಕ್ಕೇ ಹೊಂದಿಸಿದ್ದು, ಅದಕ್ಕೆ ಪೆಟ್ಟು ಬೀಳುತ್ತದೆ. 50 ಹರ್ಟ್ಸ್ ಅಂತ ಬರೆದಿರುವುದನ್ನೇ ಹುಡುಕಿ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಬಟ್ಟಲು ಆಕಾರದ ವೈಬ್ರೇಟರಿಗಳಲ್ಲಿ ಹಲವು ಲೋಹದ ಸಾಮಾನು ತಿಕ್ಕಲು ಮಾಡಿದವು. ಅವು ಒಣ ಪುಡಿಗೆ ಮಾತ್ರ. ಒದ್ದೆ ಕಲ್ಲಿನ ಭಾರ ತಡೆಯುವುದಿಲ್ಲ, ನಡುವಿನ ಬೋಲ್ಟಿನ ಸಂದಿಯಿಂದ ನೀರು ಕೆಳಗಿನ ಮೋಟಾರಿಗೆ ಇಳಿಯುವ ಅಪಾಯ ಬೇರೆ. ಒದ್ದೆ ಕೆಲಸಕ್ಕೆ ಆಗುತ್ತದೆ ಅಂತ ಸ್ಪಷ್ಟವಾಗಿ ಹೇಳದಿದ್ದರೆ ಬಿಡಿ.

ರೋಟರಿಯನ್ನು ಊರಲ್ಲೇ ಮಾಡಿಸಬಹುದು. ಎರಡು ಶಾಫ್ಟ್, ನಾಲ್ಕು ಬೇರಿಂಗ್, ಒಂದು ಸಣ್ಣ ಗೇರ್ ಮೋಟಾರ್ ಕೊಟ್ಟರೆ ಯಾವ ಲೇತ್ ಅಂಗಡಿಯವರಾದರೂ ಮಾಡಿಕೊಡುತ್ತಾರೆ. ಡ್ರಮ್ಮಿಗೆ ಆರು ಇಂಚಿನ ಬೋರ್‌ವೆಲ್ ಕೇಸಿಂಗ್ ಪೈಪಿನ ತುಂಡು, ಒಳಗೆ ರಬ್ಬರ್ ಶೀಟ್. ಡ್ರಮ್ ನಿಮಿಷಕ್ಕೆ 30ರಿಂದ 60 ಸುತ್ತಿನ ಒಳಗೆ ಇರಲಿ. ಜಾಸ್ತಿಯಾದರೆ ಕಲ್ಲು ಜಾರುವ ಬದಲು ಹಾರಿ ಬಿದ್ದು ಒಡೆಯುತ್ತದೆ. ವೈಬ್ರೇಟರಿಯನ್ನು ಹೀಗೆ ಮಾಡಿಸಲು ಹೋಗಬೇಡಿ.

ಎರಡೂ ಇಟ್ಟುಕೊಳ್ಳುವ ಶಕ್ತಿ ಇದ್ದರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ದಪ್ಪ ಪುಡಿಯ ಹಂತವನ್ನು ರೋಟರಿಯಲ್ಲಿ ಮುಗಿಸಿ, ಉಳಿದದ್ದನ್ನು ವೈಬ್ರೇಟರಿಗೆ ಕೊಡಿ. ರೋಟರಿ ಯಾವಾಗಲೂ ಮುಂದಿನ ಕಲ್ಲುಗಳನ್ನು ತಯಾರು ಮಾಡುತ್ತಾ ಇರುತ್ತದೆ, ವೈಬ್ರೇಟರಿಯಿಂದ ವಾರಕ್ಕೊಂದು ಸಲ ಹೊಳೆಯುವ ಕಲ್ಲು ಹೊರಗೆ ಬರುತ್ತದೆ. ಕಲ್ಲು ದಾಟಿಸುವ ಮೊದಲು ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮೈ ಎಲ್ಲಾ ಕಡೆ ಒಂದೇ ಥರ ಮಬ್ಬಾಗಿರಬೇಕು. ಎಲ್ಲಾದರೂ ಗುಳಿಯ ಒಳಗೆ ಹಳೇ ಒರಟು ಮೈ ಕಂಡರೆ ಅದು ಮತ್ತೆ ದಪ್ಪ ಪುಡಿಗೇ ಹೋಗಬೇಕು.

ಪಾಲಿಶ್ ಹಂತಕ್ಕೆ ಬೇರೆ ಬೌಲ್, ಬೇರೆ ಮೀಡಿಯಾ, ಬೇರೆ ಬ್ರಷ್ ಇಟ್ಟುಕೊಳ್ಳಿ. ಇನ್ನು ಕೆಸರು: ಅದನ್ನು ಸಿಂಕಿಗಾಗಲಿ ಬಚ್ಚಲಿಗಾಗಲಿ ಸುರಿಯಬೇಡಿ, ಪೈಪಿನೊಳಗೆ ಕಲ್ಲಾಗಿ ಕೂತರೆ ಒಡೆಸಿಯೇ ತೆಗೆಯಬೇಕು. ಹಳೇ ಬಕೆಟ್‌ನಲ್ಲಿ ಒಂದು ದಿನ ಬಿಡಿ, ಮೇಲಿನ ತಿಳಿ ನೀರನ್ನು ಮೊದಲ ಹಂತದ ಕಲ್ಲು ತೊಳೆಯಲು ಬಳಸಿ, ತಳದ ಕೆಸರನ್ನು ಹಸಿ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಒಣ ಕಸಕ್ಕೆ ಹಾಕಿ. ಅಂಗಳದಲ್ಲಿ ಒಣಗಲು ಬಿಟ್ಟರೆ ಗಾಳಿಗೆ ಮತ್ತೆ ಧೂಳಾಗಿ ಏಳುತ್ತದೆ.